ಎರಡು ಸುಳಿ

ಪೈಪು ತಿರುವಿನಲ್ಲಿ ಹೊರಳಿದ ಕೂಡಲೇ ಒಳಗಿನ ನೀರು ಸುಳಿ ಸುತ್ತುತ್ತದೆ. ಸುಳಿಯ ನೀರು ಹರಿವು ಅಳೆಯುವ ಮೀಟರಿಗೆ ಸುಳ್ಳು ಹೇಳುತ್ತದೆ. ಅದಕ್ಕೇ ಮೀಟರಿಗಿಂತ ಮೊದಲು, ದೊಡ್ಡ ಪೈಪಿನ ಹೊಟ್ಟೆಯೊಳಗೆ, ಸಣ್ಣ ಕೊಳವೆಗಳ ಕಟ್ಟೊಂದನ್ನು ಕೂಡಿಸಬೇಕು. ಅದರಲ್ಲಿ ಹಾಯ್ದ ನೀರು ನೆಟ್ಟಗಾಗಿ ಹೊರಬರುತ್ತದೆ. ಆ ಕಟ್ಟಿನ ವಿನ್ಯಾಸ ಮಾಡುವುದೇ ನನ್ನ ಕಸುಬು. ಸಿಂಧನೂರಿನಲ್ಲಿ, ರೈಸ್ ಮಿಲ್ಲಿನ ಹಿಂದಿನ ಶೆಡ್ಡೇ ನನ್ನ ವರ್ಕ್‌ಶಾಪು.

ಮಸ್ಕಿಯ ಕುಡಿಯುವ ನೀರಿನ ಕೆಲಸ ಬಂದಾಗ ಕೊಳವೆಯ ಅಳತೆ ಕೂಡಿಬರಲೇ ಇಲ್ಲ. ಅಗಲ ಮಾಡಿದರೆ ಸುಳಿ ಉಳಿಯುತ್ತಿತ್ತು, ಸಣ್ಣದು ಮಾಡಿದರೆ ಕಾಲುವೆಯ ಪಾಚಿ ಸಿಕ್ಕಿಕೊಳ್ಳುತ್ತಿತ್ತು. ಗಾಜಿನ ಪೈಪಿಗೆ ಕುಂಕುಮದ ನೀರು ಬಿಟ್ಟು ನೋಡುತ್ತಾ ಕೂತಿದ್ದೆ. ಬುತ್ತಿ ತಂದ ಹೆಂಡತಿ ಆ ಕೆಂಪು ಎಳೆ ಸುತ್ತುವುದನ್ನು ನೋಡಿ ನನ್ನ ನೆತ್ತಿಗೆ ಬೆರಳಿಟ್ಟಳು.

“ನೀರಿನ ಸುಳಿ ಬಿಡಿಸಾಕತ್ತೀ. ನಿನ್ನ ತಲ್ಯಾಗಿನ ಎರಡು ಸುಳಿ ಯಾರು ಬಿಡಸ್ತಾರ?”

ನೆತ್ತಿಯಲ್ಲಿ ಎರಡು ಸುಳಿ ಇದ್ದವನಿಗೆ ಎರಡು ಮದುವೆ ಎಂದು ನಮ್ಮ ಕಡೆ ಮಾತು. “ಎರಡನೇದಾಕಿ ಹೆಂಗದಾಳ?” ಎಂದು ನನ್ನ ತಲೆ ಬಾಚುತ್ತಾ ಕಾಡುವಳು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಅದರ ನೋಂದಣಿಗೆಂದು ಲಿಂಗಸುಗೂರಿಗೆ ಹೋಗಿದ್ದೆವು. ಫೋಟೊದಲ್ಲಿ ಹಾರ ಇರಬೇಕೆಂದರು. ಬಸ್‌ಸ್ಟ್ಯಾಂಡಿನ ಎದುರು ಕೊಂಡ ಸೇವಂತಿಗೆ ಹಾರವನ್ನು ನನ್ನ ಕೊರಳಿಗೆ ಹಾಕಿ, “ಎರಡೂ ಆದ್ವು ನೋಡು. ಇನ್ನ ಯಾರಿಗೂ ಜಾಗ ಇಲ್ಲ” ಎಂದಳು. ಆ ಮುಖದಲ್ಲಿ ಏನು ಜಂಬ ಅಂತೀರಿ.

ಮಸ್ಕಿಯಲ್ಲಿ ಕಟ್ಟು ಕೂಡಿಸುವ ಮೊದಲೇ ಕಾಮಾಲೆ ಆಕೆಯನ್ನು ಒಯ್ದಿತು. ಕೊನೆಗೆ ಅಗಲದ ಕೊಳವೆಯನ್ನೇ ಉದ್ದ ಮಾಡಿದೆ. ಸುಳಿ ಹೋಯಿತು, ಪಾಚಿಯೂ ನಿಲ್ಲಲಿಲ್ಲ. ಎಲ್ಲರೂ ಕೈಕುಲುಕಿದರು. ಮನೆಗೆ ಬಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಕೆಲಸ ಅಷ್ಟು ಚೆನ್ನಾಗಿ ಕೈಗೂಡಿದ್ದಕ್ಕೇ ನನಗೆ ಸಂಕಟವಾಯಿತು.

ಆಕೆಯ ವರ್ಷದ ಪೂಜೆ ಇನ್ನೂ ಆಗಿಲ್ಲ, ಅಷ್ಟರಲ್ಲೇ ಗುರುಗುಂಟಾದಿಂದ ಸೋದರತ್ತೆ ನನಗೊಂದು ಹೆಣ್ಣಿನ ಸುದ್ದಿ ಹೊತ್ತು ಬಂದಳು. ನನಗೆ ಮೈಯೆಲ್ಲ ಉರಿಯಿತು. ಅವಳು ಮಾತ್ರ ನಿಧಾನವಾಗಿ ನನ್ನ ನೆತ್ತಿಯ ಮೇಲೆ ಕೈಯಿಟ್ಟಳು.

“ಎರಡು ಸುಳಿ ಅದಾವ ತಮ್ಮಾ. ಬರದದ್ದು ತಪ್ಪತದೇನು?”

“ಎರಡೂ ಆಗ್ಯಾವ, ಅತ್ತಿ.”

“ಯಾರ ಕೂಡ?”

“ಆಕಿ ಕೂಡನ.”

ಲಿಂಗಸುಗೂರಿನ ಹಾರದ ಸಂಗತಿ ಹೇಳಲು ಹೋದೆ. ಅರ್ಧಕ್ಕೇ ಅಳು ತಡೆಯಲಾಗಲಿಲ್ಲ. ಸೋದರತ್ತೆ ಮತ್ತೆ ಹೆಣ್ಣಿನ ಮಾತೆತ್ತಲಿಲ್ಲ, ನೆತ್ತಿಯ ಮೇಲಿನ ಕೈಯನ್ನೂ ತೆಗೆಯಲಿಲ್ಲ. ಹೆಂಡತಿ ಹೋದ ಮೇಲೆ ಆ ಜಾಗವನ್ನು ಯಾರೂ ಮುಟ್ಟಿರಲಿಲ್ಲ.