ಮಾವನವರ ತಲೆಯೊಳಗಿನ ಕವಲು

ಎಡಗಣ್ಣಿನ ರೆಪ್ಪೆ ಪೂರ್ತಿ ಇಳಿದುಬಿದ್ದಿತ್ತು. ಹಣೆಯ ಮೇಲೆ ಅಂಗಾರದ ಗೆರೆ ಎಂದಿನಂತೆ ನೆಟ್ಟಗೆ. ಅದರ ಕೆಳಗೆ ಒಂದು ಕಣ್ಣು ಎಚ್ಚರ, ಇನ್ನೊಂದು ನಿದ್ದೆ. ನಮ್ಮ ಮಾವನವರು ಆ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದು ನೋಡುತ್ತಿದ್ದರು. ಎತ್ತಿದರೆ ಎಲ್ಲವೂ ಎರಡೆರಡಾಗಿ ಕಾಣುತ್ತಿತ್ತಂತೆ. "ಇಬ್ಬರು ಸೊಸೆಯಂದಿರು ಕಾಣ್ತಾರ. ಒಬ್ಬಾಕಿಗೂ ಸಾರು ಮಾಡ್ಲಿಕ್ಕೆ ಬರಂಗಿಲ್ಲ," ಎಂದು ನನ್ನನ್ನು ಕಿಚಾಯಿಸುತ್ತಿದ್ದರು. ನಗಬೇಕೋ ಅಳಬೇಕೋ ತಿಳಿಯದೆ ನಾನು ಸಾರಿನ ಪಾತ್ರೆ ಹಿಡಿದು ನಿಂತಿರುತ್ತಿದ್ದೆ.

ಮದ್ರಾಸ್ ಸರ್ಕಾರದ ಕಾಲದಲ್ಲಿ ಅವರು ಹೊಸಪೇಟೆಯ ಕಾಲುವೆಗಳಿಗೆ ಓವರ್ಸಿಯರ್ ಆಗಿದ್ದರು. ರಾಯರು ಆಳುತ್ತಿದ್ದ ಕಾಲದ ಹಳೆಯ ಕಾಲುವೆಗಳು. ಕೊಡೆ ಹಿಡಿದು ದಂಡೆಯ ಮೇಲೆ ನಡೆಯುವಾಗ ಮಣ್ಣು ಗಟ್ಟಿಯಿದೆಯೇ ಎಂದು ಅಲ್ಲಲ್ಲಿ ಹಿಮ್ಮಡಿಯಿಂದ ಒತ್ತಿ ನೋಡುವುದು ಅವರ ಅಭ್ಯಾಸ; ನಮ್ಮ ಮನೆಯ ಅಂಗಳದಲ್ಲೂ ಹಾಗೇ ಒತ್ತುತ್ತಿದ್ದರು. ತಮ್ಮ ಪಾಳಿ ಬಿಟ್ಟು, ಕಾಲುವೆಯ ತೂಬು ಕದ್ದು ಎತ್ತಿ ಹೊಲಕ್ಕೆ ನೀರು ಹಾಯಿಸಿಕೊಂಡವರನ್ನು ಮಾತ್ರ ಅವರು ಕ್ಷಮಿಸಿದ್ದೇ ಇಲ್ಲ. ಮಲಪನಗುಡಿಯಲ್ಲಿದ್ದ ಸ್ವಂತ ತಮ್ಮನಿಗೇ ದಂಡ ಹಾಕಿಸಿದ್ದರು. ಆ ಚಿಕ್ಕಮಾವ ಬಹಳ ಕಾಲ ನಮ್ಮ ಮನೆಯ ಮೆಟ್ಟಿಲು ತುಳಿಯಲಿಲ್ಲ.

ನಾನು ಕಂಪ್ಲಿಯಿಂದ ಸೊಸೆಯಾಗಿ ಬಂದ ಮರುವರ್ಷ ಅವರಿಗೆ ತಲೆನೋವು ಶುರುವಾಯಿತು. ಅದರ ಹಿಂದೆಯೇ ರೆಪ್ಪೆ ಇಳಿಯಿತು. ಕಣ್ಣು ಸರಿಯಾಗಿ ಕಾಣದವರ ಜೊತೆಗೆ ಒಬ್ಬರಿರಲಿ ಎಂದು ಅತ್ತೆಯವರು ನನ್ನನ್ನು ದವಾಖಾನೆಗೆ ಕಳಿಸಿದರು. ಡಾಕ್ಟರು ಬಹಳ ಹೊತ್ತು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ತಲೆಯೊಳಗೆ ರಕ್ತನಾಳವೊಂದು ಕವಲೊಡೆಯುವ ಕಡೆ ಗೋಡೆ ತೆಳ್ಳಗಾಗಿ ಉಬ್ಬಿರಬಹುದು ಎಂದರು. ಎದೆ ಬಡಿದಾಗಲೆಲ್ಲ ರಕ್ತ ಅಲ್ಲಿಗೆ ಹೋಗಿ ಒತ್ತುತ್ತದೆ, ಒಡೆದರೆ ಉಳಿಯುವುದು ಕಷ್ಟ, ಸಿಟ್ಟು ಮಾಡಬಾರದು, ಭಾರ ಎತ್ತಬಾರದು. ಇದಕ್ಕೆ ಮದ್ರಾಸಿಗೆ ಹೋದರೂ ಮದ್ದಿಲ್ಲ ಎಂದೂ ಹೇಳಿದರು.

ಬರುವ ದಾರಿಯಲ್ಲಿ, ಕಾಲುವೆ ಎರಡಾಗಿ ಒಡೆಯುವ ಕಡೆ ಮಾವನವರು ಗಾಡಿ ನಿಲ್ಲಿಸಿದರು. ನನ್ನನ್ನು ಇಳಿಸಿಕೊಂಡು ದಂಡೆಗೆ ಹೋದರು.

"ಇಲ್ಲಿ ನೋಡಮ್ಮ. ನೀರು ಬಂದು ಎದುರಿಗೆ ಹೊಡೀತದ, ಕಲ್ಲು ಸವದಾವ. ಇದು ತಿಳೀತದ. ಆದ್ರ ಆ ಬಗಲಿಗೆ ನೋಡು, ನೀರು ಸುಮ್ಮನ ಸುತ್ತಿಗೋತ ನಿಂತದ. ಹೊಡಿಯಂಗಿಲ್ಲ, ಬಡಿಯಂಗಿಲ್ಲ. ಅಲ್ಲೂ ದಂಡಿ ಮೆತ್ತಗಾಗಿ ಉಬ್ಬೇದ. ನನ್ನ ತಲ್ಯಾಗಿಂದು ಯಾವುದು?"

ನನಗೇನು ಗೊತ್ತು? ಮುಂದಿನ ಸಲ ಡಾಕ್ಟರನ್ನೇ ಕೇಳಿದರು. ಅವರೂ ಎರಡರಲ್ಲಿ ಯಾವುದಾದರೂ ಇರಬಹುದು ಎಂದು ಕನ್ನಡಕ ಒರೆಸಿಕೊಂಡರು.

ಮಾವನವರು ತಮಗೆ ತಿಳಿದ ಉಪಾಯ ಹಿಡಿದರು. ಬೇಸಿಗೆಯಲ್ಲಿ ಕಾಲುವೆಯ ನೀರನ್ನು ಮೇಲೆಯೇ ನಿಲ್ಲಿಸಿ ದಂಡೆ ದುರಸ್ತಿ ಮಾಡುತ್ತಾರಲ್ಲ, ಹಾಗೆ. ಹೊಟ್ಟೆಗೆ ನೀರು ಕಡಿಮೆಯಾದರೆ ರಕ್ತ ಕಡಿಮೆ, ರಕ್ತ ಕಡಿಮೆಯಾದರೆ ಒತ್ತಡ ಕಡಿಮೆ. ಬೆಳಿಗ್ಗೆ ಒಂದು ಉದ್ಧರಣೆ ತೀರ್ಥ, ಊಟಕ್ಕೆ ಅರ್ಧ ಲೋಟ ನೀರು, ಅಷ್ಟೇ. ಏಕಾದಶಿಗೆ ಹನಿ ನೀರೂ ಮುಟ್ಟದ ಮನೆ ನಮ್ಮದು. ಅತ್ತೆಯವರಿಗೆ ಇದು ಹರಿಯೇ ಕೊಟ್ಟ ಬುದ್ಧಿಯಾಗಿ ಕಂಡಿತು. ಹೊಸಪೇಟೆಯ ಬಿಸಿಲು ಬೇರೆ. ಕೆಲವೇ ದಿನಗಳಲ್ಲಿ ಅವರ ತುಟಿ ಒಡೆದು ಮಾತು ತೊದಲತೊಡಗಿತು.

ಡಾಕ್ಟರು ಕೆಂಡವಾದರು. ದೇಹ ಕಾಲುವೆಯಲ್ಲ, ಒಣಗಿಸಿದರೆ ಆ ಉಬ್ಬು ಒಡೆಯುವ ಮೊದಲೇ ಜೀವ ಹೋಗುತ್ತದೆ ಎಂದರು. ನೀರು ಕುಡಿಸಿ ಹೆಚ್ಚುಕಡಿಮೆಯಾದರೆ ನಿನ್ನ ತಲೆಯ ಮೇಲೆ ಎಂದರು ಅತ್ತೆಯವರು. ಬಳ್ಳಾರಿಯಲ್ಲಿ ನೌಕರಿಯಲ್ಲಿದ್ದ ನನ್ನ ಗಂಡ ಬಂದಾಗ ಕೇಳಿದೆ. ಡಾಕ್ಟರು ಹೇಳಿದಂತೆ ಮಾಡು, ಅಪ್ಪ ಹೇಳಿದಂತೆಯೂ ಮಾಡು ಎಂದು ಹೇಳಿ ರೈಲು ಹತ್ತಿದರು. ಇಂಥವರನ್ನು ಕಟ್ಟಿಕೊಂಡು ನಾನೇನು ಮಾಡಲಿ?

ನಾನು ಸಾರನ್ನು ನೀರಾಗಿ ಮಾಡತೊಡಗಿದೆ. ಮಜ್ಜಿಗೆಯನ್ನು ಇನ್ನೂ ತೆಳ್ಳಗೆ. ಒಂದು ಮಧ್ಯಾಹ್ನ ಮಾವನವರು ರೆಪ್ಪೆ ಎತ್ತಿ ಹಿಡಿದು ಮಜ್ಜಿಗೆಯ ಲೋಟದೊಳಗೆ ನೋಡಿದರು.

"ತೂಬು ಕದ್ದು ಎತ್ತೀಯಲ್ಲಮ್ಮ."

ಅವರು ಗಟಗಟ ಕುಡಿದು, ಖಾಲಿ ಲೋಟವನ್ನು ಮತ್ತೆ ನನ್ನ ಮುಂದೆ ಹಿಡಿದರು. "ಇನ್ನೀಟು ಹಾಕು. ಯಾವುದು ಖರೇನೋ ನನಗೂ ತಿಳೀವಲ್ದು."

ಅವರ ನಾಲಿಗೆ ಹಸಿಯಾಯಿತು, ಕಿಚಾಯಿಸುವುದೂ ಮರಳಿತು. ಕಾಲುವೆಗೆ ಹೊಸ ನೀರು ಬರುವವರೆಗೂ ಅವರು ನಮ್ಮೊಂದಿಗಿದ್ದರು. ಒಂದು ಬೆಳಿಗ್ಗೆ ಸ್ನಾನ ಮಾಡಿ ಮಡಿಪಂಚೆ ಉಡುತ್ತಿದ್ದವರು ಕತ್ತಿನ ಹಿಂಭಾಗ ಹಿಡಿದುಕೊಂಡು ಕುಳಿತುಬಿಟ್ಟರು. ವಾಂತಿಯಾಯಿತು. ಮನೆಯವರೆಲ್ಲ ಸುತ್ತ ನೆರೆದರು. ಅತ್ತೆಯವರು ಅಳುತ್ತಲೇ ತಲೆ ಎತ್ತಿ ನನ್ನನ್ನು ನೋಡಿದರು. ಆ ನೋಟವನ್ನು ನಾನು ಮರೆತಿಲ್ಲ. ಮಾವನವರೂ ಅದನ್ನು ಕಂಡರೆಂದು ತೋರುತ್ತದೆ.

"ಇದು ನೀರಿಂದ ಆಗಿದ್ದಲ್ಲ," ಎಂದರು. ಮಾತು ಅಸ್ಪಷ್ಟವಾಗಿತ್ತು, ಆದರೂ ಎಲ್ಲರಿಗೂ ಕೇಳಿಸಿತು. "ಆಕಿಗೆ ಯಾರೂ ಏನೂ ಅನಬ್ಯಾಡ್ರಿ."

ಆಮೇಲೆ ಮಾತಿಲ್ಲ. ಸಂಜೆಯೊಳಗೆ ಹೋದರು.

ಅವರು ಹೋದ ಮೇಲೆ ಎಷ್ಟೋ ಡಾಕ್ಟರುಗಳನ್ನು ಕೇಳಿದ್ದೇನೆ. ರಕ್ತ ಜೋರಾಗಿ ಹೊಡೆಯುವ ಕಡೆಯೇ ಗೋಡೆ ಸವೆಯುತ್ತದೆ ಎನ್ನುವವರಿದ್ದಾರೆ. ಮಂದವಾಗಿ ಸುತ್ತುವ ಕಡೆಯೇ ಕೆಡುತ್ತದೆ ಎನ್ನುವವರೂ ಇದ್ದಾರೆ. ನನಗೆ ಇಂದಿಗೂ ಗೊಂದಲವೇ. ಡಾಕ್ಟರುಗಳಲ್ಲೇ ಒಮ್ಮತವಿಲ್ಲದಿರುವಾಗ, ಇದು ನೀರಿನಿಂದ ಆಗಿದ್ದಲ್ಲ ಎಂದು ಮಾವನವರು ಆ ಬೆಳಿಗ್ಗೆ ಅಷ್ಟು ಖಚಿತವಾಗಿ ಹೇಗೆ ಹೇಳಿದರು? ಅವರಿಗೆ ಗೊತ್ತಿರಲಿಲ್ಲ, ನನಗಾಗಿ ಹೇಳಿದರು. ಅತ್ತೆಯವರು ಬದುಕಿರುವವರೆಗೂ ನೀರಿನ ಮಾತನ್ನು ಎತ್ತಲಿಲ್ಲ.