ಸೇತುವೆಯಿಂದ ಬಿದ್ದವನು

ಸಿನೆಮಾದಲ್ಲಿ ನಾಯಕನ ತಮ್ಮ ಸೇತುವೆಯಿಂದ ನದಿಗೆ ಬಿದ್ದು ಸತ್ತಾಗ ಇಡೀ ಥಿಯೇಟರು ಕಣ್ಣೊರೆಸಿಕೊಳ್ಳುತ್ತಿತ್ತು. ಮಲ್ಲಪ್ಪ ಕಾಕಾ ಮಾತ್ರ ಕುರ್ಚಿಯಿಂದ ಅರ್ಧ ಎದ್ದು, ಪರದೆಗೇ ಹೇಳುವಂತೆ, "ಸತ್ತಿಲ್ಲ ಅಂವ" ಅನ್ನುತ್ತಿದ್ದರು. ಹಿಂದಿನವರು "ಬೈಠೋ ಚಾಚಾ" ಎಂದು ಗದರಿದರೆ ಕೂತುಬಿಡುತ್ತಿದ್ದರು. ಆ ಸಿನೆಮಾವನ್ನು ಅವರು ಎಷ್ಟು ಸಲ ನೋಡಿದರೋ. ಒಮ್ಮೊಮ್ಮೆ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು.

ಅದು ಎಪ್ಪತ್ತರ ದಶಕದ ಮೊದಲ ವರ್ಷಗಳು. ಬೊರಿವಲಿಯ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿ ಅವರದು. ಬಾಗಲಕೋಟೆ ಕಡೆಯ ಗವಂಡಿ. ಹೊಸದಾಗಿ ಏಳುತ್ತಿದ್ದ ಬಿಲ್ಡಿಂಗುಗಳಲ್ಲಿ ಗೋಡೆ ಕಟ್ಟುವ ಕೆಲಸ. ತಾವು ಮದುವೆಯಾಗದೆ ತಮ್ಮ ಬಸವರಾಜನನ್ನು ಬೆಳೆಸಿ, ಅವನಿಗೆ ಮದುವೆ ಮಾಡಿ, ಅವನ ಸಂಸಾರದಲ್ಲೇ ಇದ್ದರು. ಒಂದು ಸಂಜೆ ಬಸವರಾಜ ವಸಯಿಯಲ್ಲಿ ಕೆಲಸ ಮುಗಿಸಿ ಬರುವಾಗ, ಸಮುದ್ರದ ನೀರು ಒಳನುಗ್ಗುವ ಖಾಡಿಯ ಸೇತುವೆ ಮೇಲೆ, ಕಿಕ್ಕಿರಿದ ಲೋಕಲ್ ರೈಲಿನ ಬಾಗಿಲಿನಿಂದ ಕೆಳಗೆ ನೀರಿಗೆ ಬಿದ್ದ. ಮೀನುಗಾರರು ದೋಣಿಯಲ್ಲಿ ಹುಡುಕಿದರು. ಹೆಣ ಸಿಗಲಿಲ್ಲ. ಆ ಸಿನೆಮಾ ಬಂದದ್ದು ಅದಾದ ಮೇಲೆ.

ನಾನಾಗ ಪವಾಯಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಒಂದು ಭಾನುವಾರ ಕಾಕಾ ನಮ್ಮ ಹೊಸ್ತಿಲ ಮೇಲೆ ಕೂತು ಕೇಳಿದರು: "ನೀ ಸಾಲಿ ಕಲತಾಂವ. ಅಷ್ಟು ಮ್ಯಾಲಿಂದ ನೀರಿಗೆ ಬಿದ್ದರ ಮನಷ್ಯಾ ಸಾಯಲೇಬೇಕೇನು?"

"ನೀರು ಆಳ ಇದ್ದು, ಕಾಲು ಮೊದಲು ಮುಳುಗಿದ್ರೆ ಬದುಕಬಹುದು ಕಾಕಾ. ಸಿನೆಮಾದವರು ಸುಮ್ಮನೆ ಕೊಂದಿದ್ದಾರೆ."

ಅವರ ಮುಖ ಅರಳಿತು. "ಮತ್ತ, ಓಡೂ ಗಾಡಿಯಿಂದ ಬಿದ್ದರ?"

ಅವರು ಇಷ್ಟು ದಿನ ಥಿಯೇಟರಿನಲ್ಲಿ ಯಾರನ್ನು ಸತ್ತಿಲ್ಲ ಅನ್ನುತ್ತಿದ್ದರೆಂದು ನನಗೆ ಆಗ ತಿಳಿಯಿತು. ಪಕ್ಕದ ಬಾಗಿಲಲ್ಲಿ ಬಸವರಾಜನ ಹೆಂಡತಿ ಶಾಂತಕ್ಕ ನಿಂತಿದ್ದಳು. ಹಣೆಯ ಕುಂಕುಮ, ಕೈಯ ಬಳೆ ಹಾಗೇ ಇದ್ದವು. ತೆಗೆಯಲು ಕಾಕಾ ಬಿಟ್ಟಿರಲಿಲ್ಲ.

"ಭಾವಾರ, ಅವರಿಗೆ ಈಸು ಬರತಿರಲಿಲ್ಲ. ನಿಮಗೂ ಗೊತ್ತೈತಿ," ಎಂದಳು ಮೆಲ್ಲಗೆ. "ನೀವು ಬರತಾನ ಅಂತೀರಿ, ನಾ ದಿನಾ ಬಾಗಲಾ ನೋಡತೇನಿ. ನನ್ನ ಕೈಲಿ ಆಗವಲ್ದು. ಅವರನ್ನ ಸಾಯಾಕ ಬಿಡ್ರಿ."

ಕಾಕಾ ಹೊಸ್ತಿಲಿಂದ ಎದ್ದರು. ಆಮೇಲೆ, "ಆತವ್ವಾ," ಎಂದರು.

ಆ ವಾರವೇ ಶಾಂತಕ್ಕ ಬಳೆ ತೆಗೆದು ತವರಿಗೆ ಹೋದಳು. ಕಾಕಾ ಮತ್ತೆ ಯಾವ ಸಿನೆಮಾಕ್ಕೂ ಹೋಗಲಿಲ್ಲ. ನಮ್ಮ ಹೊಸ್ತಿಲಿಗೂ ಬರಲಿಲ್ಲ.

ನಾವು ಸಯನ್‌ಗೆ ಮನೆ ಬದಲಿಸಿದ ಮೇಲೆ ಒಮ್ಮೆ ಬೊರಿವಲಿಗೆ ಹೋಗಿದ್ದೆ. ಅರ್ಧ ಎದ್ದ ಬಿಲ್ಡಿಂಗಿನ ಕೆಳಗೆ ಕಾಕಾ ಸಿಮೆಂಟು ಮೆತ್ತಿದ ಕೈಯಲ್ಲಿ ಚಹಾ ಕುಡಿಯುತ್ತಿದ್ದರು. ಶಾಂತಕ್ಕ ಹೇಗಿದ್ದಾಳೆಂದು ಕೇಳಿದೆ.

"ಆಕಿದು ಮತ್ತ ಮದಿವಿ ಆತು. ಛಲೋ ಆತು."

"ಹೋಗಿದ್ರಾ ಕಾಕಾ?"

"ಕರದಿದ್ದಳು. ನಾ ಯಾರು ಅಂತ ಹೋಗಲಿ?" ಎಂದು ಲೋಟ ಕೆಳಗಿಟ್ಟು ಕೆಲಸಕ್ಕೆ ಎದ್ದರು.

ಮುಂದಿನ ಸಲ ಹೋದಾಗ ಆ ಬಿಲ್ಡಿಂಗಿಗೆ ಜನ ವಾಸಕ್ಕೆ ಬಂದಿದ್ದರು. ಚಾಳಿನಲ್ಲಿ ಕಾಕಾನ ಖೋಲಿಯ ಬಾಗಿಲು ತಟ್ಟಿದೆ. ತೆರೆದವರಿಗೆ ಮಲ್ಲಪ್ಪ ಯಾರೆಂದು ತಿಳಿಯಲಿಲ್ಲ.