ಹೂಕುಂಡ ಹೊತ್ತ ಸ್ಟ್ಯಾಂಡುಗಳು

ನಮ್ಮ ಬೀದಿಯಲ್ಲಿ ಒಬ್ಬ ಎಂಜಿನಿಯರ್ ಇದ್ದಾನೆ. ಓದಿ ಆದವನಲ್ಲ, ಬೀದಿ ಕೊಟ್ಟ ಬಿರುದು. ಹೊಟ್ಟೆಪಾಡಿಗೆ ಜೆರಾಕ್ಸ್ ಅಂಗಡಿ. ಇಪ್ಪತ್ತು ವರ್ಷದಿಂದ ತನ್ನ ಕಾರಿಗೆ ಮೆಕ್ಯಾನಿಕ್ಕಿನ ಕೈ ತಾಗಿಸಿಲ್ಲ ಎಂಬುದೇ ಅವನ ಜೀವಮಾನದ ಸಾಧನೆ. ಜೆರಾಕ್ಸಿಗೆ ಬಂದವರಿಗೆಲ್ಲ, ಕಾಗದದ ಎರಡನೇ ಬದಿ ಹೊರಬರುವಷ್ಟರಲ್ಲಿ ಅದನ್ನು ಹೇಳಿ ಮುಗಿಸಿರುತ್ತಾನೆ. ಹೇಳದೆ ನುಂಗಿಕೊಳ್ಳುವುದು ಒಂದೇ ಸಂಗತಿ: ಅಷ್ಟೂ ವರ್ಷ ಕಾರಿನ ಕೆಳಗೆ ನುಗ್ಗಿದವನು ಅವನಲ್ಲ, ಅವನ ಬಾಮೈದ.

ಬಾಮೈದ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು. ಕಡ್ಡಿಯಂಥ ಆಳು. ಅಪ್ಪ ಇಲ್ಲದೆ ಬೆಳೆದವನಾದ್ದರಿಂದ ಅಕ್ಕನ ಗಂಡನಿಗೆ ಎದುರಾಡಿ ಗೊತ್ತಿಲ್ಲ. ಭಾನುವಾರ ಬೆಳಿಗ್ಗೆ ಭಾವನ ಫೋನ್ ಬಂದರೆ ಹಳೆ ಪ್ಯಾಂಟು ಸಿಕ್ಕಿಸಿಕೊಂಡು ಹೊರಡುತ್ತಾನೆ. ಇದಕ್ಕೆ ವಿನಯ ಎನ್ನುವವರಿದ್ದಾರೆ. ಬಟ್ಟೆ ಕತ್ತರಿಸುವ ಮೊದಲು ಎರಡು ಸಲ ಅಳೆಯುವವನು ತನ್ನ ಎದೆಯ ಮೇಲೆ ಏನು ನಿಂತಿದೆ ಎಂದು ಒಮ್ಮೆಯೂ ನೋಡದಿದ್ದರೆ ನಾನು ಅದಕ್ಕೆ ಬೇರೆ ಹೆಸರಿಡುತ್ತೇನೆ.

ಎಂಜಿನಿಯರ್ ಬಳಿ ಸಾಮಾನು ಇರಲಿಲ್ಲ ಎಂದುಕೊಳ್ಳಬೇಡಿ. ಜಾಕ್ ಎತ್ತಿದ ಕಾರಿಗೆ ಕೆಳಗಿನಿಂದ ಆಸರೆ ಕೊಡುವ ಕಬ್ಬಿಣದ ಸ್ಟ್ಯಾಂಡುಗಳನ್ನು ಒಂದು ಜೊತೆ ತಂದಿದ್ದ. ತಂದ ವಾರದಲ್ಲೇ ಅವು ಪುಕ್ಕಲರಿಗೆ ಎಂದು ತೀರ್ಪು ಕೊಟ್ಟು ಜಗಲಿಯಲ್ಲಿ ಬಿಸಾಡಿದ. ಹೆಂಡತಿ ಮೇಲೊಂದು ಹಲಗೆ ಹಾಕಿ ಹೂಕುಂಡ ಜೋಡಿಸಿದಳು. ಹೀಗೆ ಆ ಮನೆಯಲ್ಲಿ ಗುಲಾಬಿ ಗಿಡ ಗಟ್ಟಿ ಕಬ್ಬಿಣದ ಮೇಲೆ ನಿಂತಿತು, ಕಾರು ಎರಡು ಟೊಳ್ಳು ಸಿಮೆಂಟ್ ಬ್ಲಾಕುಗಳ ಮೇಲೆ.

ಮೊನ್ನೆ ಸೈಲೆನ್ಸರ್ ಸಡಿಲವಾಗಿ ಲೊಡಲೊಡ ಎನ್ನತೊಡಗಿತು. ಅಂಗಳ ಗೇಟಿನ ಕಡೆಗೆ ಇಳಿಜಾರು. ಕಾರಿನ ಮೂತಿಯೂ ಆ ಕಡೆಗೇ. ಎಂಜಿನಿಯರ್ ಹಿಂಭಾಗ ಎತ್ತಿ ಬ್ಲಾಕುಗಳ ಮೇಲೆ ಕೂರಿಸಿದ, ಜಾಕ್ ತೆಗೆದಿಟ್ಟ. ಕಾರನ್ನು ಗೇರಿಗೆ ಹಾಕಿರಲಿಲ್ಲ, ಮುಂದಿನ ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟಿರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದಿದ್ದೇನೆ ಎಂಬ ನೆಮ್ಮದಿ ಅವನಿಗೆ. ಆ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಅವು ಆಗಲೇ ಗಾಳಿಯಲ್ಲಿದ್ದವು. ಬಾಮೈದ ಮಲಗಲು ಕೆಳಗೆ ರಟ್ಟು ಹಾಸಿಕೊಂಡ.

ಆಗ ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಹಿಂದಿನ ವಾರ ಸ್ಕೂಟರಿಗೆ ಪಂಕ್ಚರ್ ಹಾಕಿಸಲು ಹೋದಾಗ ಅಲ್ಲಿನವನು ಸ್ಟ್ಯಾಂಡಿನ ಮೇಲಿದ್ದ ಕಾರನ್ನು ಭುಜದಿಂದ ತಳ್ಳಿ ನೋಡಿಯೇ ಕೆಳಗೆ ನುಗ್ಗಿದ್ದನ್ನು ಕಂಡಿದ್ದಳು. ಯಾಕಪ್ಪ ಎಂದು ಕೇಳಿದ್ದಕ್ಕೆ ಅವನು, "ಬೀಳೋದಿದ್ರೆ ನಾನು ಹೊರಗಿರುವಾಗ್ಲೇ ಬೀಳ್ಲಿ ಅಕ್ಕ" ಎಂದಿದ್ದ. ಆ ಮಾತು ಅವಳ ತಲೆಯಲ್ಲಿ ಕೂತಿತ್ತು.

ತಮ್ಮನ ತೋಳು ಹಿಡಿದು ಎಬ್ಬಿಸಿದಳು. ಗಂಡನ ಕಡೆ ತಿರುಗಿ, "ರೀ, ಇವತ್ತು ಮೊದಲು ನೀವು ಮಲಗಿ" ಎಂದಳು.

ಎಂಜಿನಿಯರ್ ರಟ್ಟನ್ನು ನೋಡಿದ, ಬ್ಲಾಕುಗಳನ್ನು ನೋಡಿದ. ತನಗೆ ಮಂಡಿ ನೋವು ಎಂದ.

ನನಗೆ ಅಸಹ್ಯ ಹುಟ್ಟಿಸಿದ್ದು ಆ ನೋಟ. ತಿಳಿಯದೆ ಮಾಡುವವನನ್ನು ಕ್ಷಮಿಸಬಹುದು. ಇವನಿಗೆ ತಿಳಿದಿತ್ತು. ಅವನ ಧೈರ್ಯವೆಲ್ಲ ಇಪ್ಪತ್ತು ವರ್ಷ ಬಾಮೈದನ ಪಕ್ಕೆಲುಬಿನ ಮೇಲೆ ನಿಂತಿತ್ತು.

ಅವಳು ಹಿಂದೆ ಹೋಗಿ ಸೊಂಟದಿಂದ ಕಾರನ್ನು ಒಂದು ಸಲ ತಳ್ಳಿದಳು. ಕಾರು ಮುಂದಕ್ಕೆ ಒಂದು ಗೇಣು ಜರುಗಿತು, ಬ್ಲಾಕೊಂದು ಪುಡಿಪುಡಿಯಾಯಿತು, ಹಿಂಭಾಗ ಧಡ್ಡನೆ ಕೂತಿತು. ಮೂವರೂ ಬಗ್ಗಿ ನೋಡಿದರು. ಬಾಮೈದನ ಎದೆ ಇರಬೇಕಿದ್ದ ಜಾಗದಲ್ಲಿ ರಟ್ಟಿಗೂ ಕಾರಿನ ತಳಕ್ಕೂ ನಡುವೆ ಒಂದು ಗೇಣೂ ಉಳಿದಿರಲಿಲ್ಲ.

ಕಾರು ಗಟ್ಟಿಯಾಗೇ ಕೂತಿತ್ತು, ಹೆಂಡತಿ ತಳ್ಳಿ ಬೀಳಿಸಿದಳು ಎಂದು ಎಂಜಿನಿಯರ್ ಸಂಜೆಯೊಳಗೆ ಬೀದಿಗೆಲ್ಲ ಹೇಳಿ ಬಂದ. ಬೀದಿ ಅಯ್ಯೋ ಪಾಪ ಎಂದಿತು. ನಮ್ಮ ಬೀದಿಯೂ ಅಂಥದೇ.

ಮುಂದಿನ ಭಾನುವಾರ ಮತ್ತೆ ಫೋನ್ ಹೋಯಿತು. ಬಾಮೈದ ಬಂದ. ಮೊದಲು ಹೂಕುಂಡಗಳನ್ನು ನೆಲಕ್ಕಿಳಿಸಿದ. ಕಾರನ್ನು ಗೇರಿಗೆ ಹಾಕಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡುಗಳ ಮೇಲೆ ಇಳಿಸಿದ. ಭುಜ ಕೊಟ್ಟು ತಳ್ಳಿದ. ಅಲುಗಲಿಲ್ಲ. ಇನ್ನೊಮ್ಮೆ ತಳ್ಳಿದ.

ಎಂಜಿನಿಯರ್ ಮುಖ ಊದಿಸಿಕೊಂಡು, "ಏನಪ್ಪಾ, ನನ್ನ ಮೇಲೆ ನಂಬಿಕೆ ಇಲ್ವಾ?" ಎಂದ.

"ಇಲ್ಲ ಭಾವ" ಎಂದು ಬಾಮೈದ ಕಾರಿನ ಕೆಳಗೆ ಸರಿದ.